ಮಳೆಗಾಲಕ್ಕೆ ಮನೆಯೊಳಗೆ ಬರುವ ಮೆಣಸಿನಕಾಯಿ ಗಿಡಗಳು

ಚಿಕ್ಕಮಗಳೂರಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಿತ್ತಲಲ್ಲಿ ಮೆಣಸಿನಕಾಯಿ ಗಿಡ ಉಳಿಸಿಕೊಳ್ಳುವುದು ಹೆಚ್ಚುಕಡಿಮೆ ಆಗದ ಮಾತು. ಬೇರು ಕೊಳೆಯುತ್ತದೆ, ಹೂ ನೆನೆದು ಉದುರುತ್ತದೆ, ಉಳಿದ ಎಲೆಗಳಿಗೆ ಬಸವನಹುಳು ಕಾದಿರುತ್ತದೆ. ಹಾಗಾಗಿ ಮಳೆ ಹಿಡಿಯುವ ಮೊದಲೇ ನಾಲ್ಕಾರು ಕುಂಡಗಳನ್ನು ಒಳಗೆ ತಂದುಬಿಡುತ್ತೇನೆ. ಸಂತೆಯಲ್ಲಿ ಸಿಗುವ ಹಸಿಮೆಣಸಿನಕಾಯಿಗೆ ಇಷ್ಟು ಪಾಡು ಏಕೆ ಎಂದು ಕೇಳುವವರಿಗೆ ಕೊಡಲು ನನ್ನಲ್ಲಿ ಲಾಭ–ನಷ್ಟದ ಲೆಕ್ಕವಿಲ್ಲ. ಸೂಜಿಮೆಣಸು ಮಾತ್ರ ಬೇಕೆಂದಾಗ ಅಂಗಡಿಯಲ್ಲಿ ಸಿಗುವುದಿಲ್ಲ, ಅಷ್ಟು ಹೇಳಬಲ್ಲೆ.

ಮನೆಯೊಳಗೆ ಗಿಡ ಬೆಳೆಸುವ ಬಗ್ಗೆ ಓದಲು ಸಿಗುವುದರಲ್ಲಿ ಬಹುಪಾಲು ಹಿಮ ಬೀಳುವ ದೇಶದವರು ಬರೆದದ್ದು. ದಕ್ಷಿಣದ ಕಿಟಕಿಯ ಬಳಿ ಇಡಿ ಎಂಬುದು ಅವರ ಮೊದಲ ಸಲಹೆ. ಅಲ್ಲಿಗೆ ಅದು ಸರಿ. ನಮ್ಮೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಯಿಂದ ಉತ್ತರಕ್ಕೆ ವಾಲಿರುತ್ತಾನೆ; ಆ ತಿಂಗಳುಗಳಲ್ಲಿ ದಕ್ಷಿಣದ ಕಿಟಕಿಗೆ ನೇರ ಬಿಸಿಲು ಬೀಳುವುದೇ ಇಲ್ಲ. ಡಿಸೆಂಬರ್‌ನಲ್ಲಿ ಅದೇ ಕಿಟಕಿಯಲ್ಲಿ ಬಿಸಿಲು ಒಳಗೆ ಚಾಚುತ್ತದೆ. ನಾನು ಮಳೆಗಾಲದಲ್ಲಿ ಪೂರ್ವದ ಕಿಟಕಿಗೂ ಚಳಿಗಾಲದಲ್ಲಿ ದಕ್ಷಿಣದ ಕಿಟಕಿಗೂ ಕುಂಡಗಳನ್ನು ಸಾಗಿಸುತ್ತೇನೆ.

ಆಷಾಢದಲ್ಲಿ ಮೋಡ ಕವಿದರೆ ಪೂರ್ವದ ಕಿಟಕಿಯೂ ಸಾಲದು. ಅದಕ್ಕೆ 20 ವ್ಯಾಟಿನ ಸಾಮಾನ್ಯ ಎಲ್‌ಇಡಿ ಟ್ಯೂಬ್‌ಲೈಟ್ ಸಾಕು. ಗುಲಾಬಿ ಬೆಳಕಿನ ದುಬಾರಿ ದೀಪ ಬೇಡ, ಆ ಬೆಳಕಿನಲ್ಲಿ ಎಲೆಯ ನಿಜವಾದ ಬಣ್ಣವೂ ಕಾಣುವುದಿಲ್ಲ. ಗಿಡದ ತುದಿಯಿಂದ ಒಂದು ಗೇಣು ಮೇಲೆ ಕಟ್ಟಿ ದಿನಕ್ಕೆ 14 ಗಂಟೆ ಉರಿಸಿದರೆ ತಿಂಗಳಿಗೆ ಎಂಟೂವರೆ ಯೂನಿಟ್ ಆಗುತ್ತದೆ. ಬೆಳಕು ಸಾಲುತ್ತಿದೆಯೇ ಎಂಬುದನ್ನು ಕಾಂಡವೇ ಹೇಳುತ್ತದೆ. ಗೆಣ್ಣಿನಿಂದ ಗೆಣ್ಣಿಗೆ ಅಂತರ ಹೆಚ್ಚಿ ಗಿಡ ಸೊರಗಿ ಉದ್ದವಾದರೆ ದೀಪ ಇನ್ನೂ ಕೆಳಗಿಳಿಯಬೇಕು. ಗಾಳಿಮಳೆಗೆ ಒಂದೆರಡು ದಿನ ಕರೆಂಟು ಹೋದರೆ ಗಾಬರಿ ಬೇಡ, ಗಿಡ ತಡೆದುಕೊಳ್ಳುತ್ತದೆ.

ತಡೆದುಕೊಳ್ಳದಿರುವುದು ನೀರನ್ನು. ಹೊರಗೆ ಬಿಸಿಲಿನಲ್ಲಿ ದಿನವೂ ನೀರು ಕೇಳುವ ಗಿಡ, ಮಳೆಗಾಲದಲ್ಲಿ ಮನೆಯೊಳಗೆ ವಾರಕ್ಕೆ ಒಮ್ಮೆ ಕೇಳಿದರೂ ಹೆಚ್ಚು. ಗಾಳಿಯಲ್ಲಿ ಅಷ್ಟು ತೇವವಿರುವಾಗ ಎಲೆಯಿಂದ ನೀರು ಆರುವುದಿಲ್ಲ, ಬೇರು ಹೀರುವುದೂ ಇಲ್ಲ. ಬೆರಳನ್ನು ಎರಡು ಗೆಣ್ಣು ಮಣ್ಣಿಗೆ ಇಳಿಸಿ, ತುದಿಗೆ ತಂಪು ತಾಗಿದರೆ ನೀರಿನ ಚೊಂಬನ್ನು ಹಿಂದಕ್ಕೆ ಇಡಿ. ಕುಂಡ ಎತ್ತಿ ನೋಡುವುದು ಅದಕ್ಕಿಂತ ಒಳ್ಳೆಯದು. ಒಣಗಿದ ಕುಂಡ ಎಷ್ಟು ಹಗುರ ಎಂಬುದು ಕೈಗೆ ಬೇಗ ಗೊತ್ತಾಗುತ್ತದೆ. ನೀರು ಹೆಚ್ಚಾದರೂ ಎಲೆ ಬಾಡುತ್ತದೆ, ಕಡಿಮೆಯಾದರೂ ಬಾಡುತ್ತದೆ. ಬಾಡಿದ್ದನ್ನು ಕಂಡೊಡನೆ ಇನ್ನಷ್ಟು ಸುರಿದರೆ ಬೇರು ಪೂರ್ತಿ ಕೊಳೆಯುತ್ತದೆ. ಮಣ್ಣಿನ ಮೇಲೆ ಕಪ್ಪು ಸಣ್ಣ ನೊಣಗಳು ಹಾರತೊಡಗಿದರೂ ಕಾರಣ ಇದೇ: ಮೇಲ್ಮಣ್ಣು ಆರುತ್ತಿಲ್ಲ. ಕಾಫಿ ಚರಟವನ್ನು ಹಸಿಯಾಗಿಯೇ ಕುಂಡಕ್ಕೆ ಸುರಿಯುವ ಅಭ್ಯಾಸ ನಮ್ಮ ಊರಿನ ಮನೆಗಳಲ್ಲಿ ಇದೆ. ಅದು ಮೇಲೆ ಹೆಪ್ಪುಗಟ್ಟಿ ಬೂಷ್ಟು ಹಿಡಿದು ಆ ನೊಣಗಳಿಗೆ ಹಬ್ಬವಾಗುತ್ತದೆ. ಮೊದಲು ಗೊಬ್ಬರದ ಗುಂಡಿಗೆ ಹಾಕಿ.

ಹೆಚ್ಚಿನವರು ಗಿಡಕ್ಕೆ ಏನೋ ರೋಗ ಬಂದಿದೆ ಎಂದು ತೋರಿಸುವುದು ಎಲೆಯ ಮೇಲ್ಭಾಗವನ್ನು. ನೋಡಬೇಕಾದದ್ದು ಅಡಿಭಾಗ. ಎಳೆಯ ಎಲೆಯನ್ನು ತಿರುವಿ ಬೆಳಕಿಗೆ ಹಿಡಿದು ಮೊಬೈಲ್ ಕ್ಯಾಮೆರಾದಲ್ಲಿ ದೊಡ್ಡದು ಮಾಡಿ ನೋಡಿ. ಸಕ್ಕರೆ ಹರಳಿನಂತಹ ತಿಳಿಯಾದ ಕಣಗಳು ಅಲ್ಲಲ್ಲಿ ಕಂಡರೆ ಹುಳುವಿನ ಮೊಟ್ಟೆಯೆಂದು ಹೆದರಬೇಡಿ. ತೇವ ಹೆಚ್ಚಾದಾಗ ಎಲೆಯೇ ಹೊರಹಾಕಿದ್ದು ಅದು. ನೀರು ಕಡಿಮೆ ಮಾಡಿ, ಸಣ್ಣ ಟೇಬಲ್ ಫ್ಯಾನ್ ಹಚ್ಚಿದರೆ ಹೊಸ ಎಲೆಗಳು ಸ್ವಚ್ಛವಾಗಿ ಬರುತ್ತವೆ. ಹಸಿರು ಹೇನಿದ್ದರೆ ಇರುವೆಗಳೇ ಸುಳಿವು ಕೊಡುತ್ತವೆ, ಎಲೆ ಕೈಗೆ ಅಂಟುತ್ತದೆ. ಗಿಡವನ್ನು ಬಚ್ಚಲಿಗೆ ಒಯ್ದು ನಲ್ಲಿಯ ನೀರನ್ನು ಜೋರಾಗಿ ಹಾಯಿಸಿದರೆ ಮುಕ್ಕಾಲು ಪಾಲು ಹೋಗುತ್ತವೆ.

ಎಲೆ ಮುದುಡುವುದು ಕಷ್ಟದ ಸಂಗತಿ, ಏಕೆಂದರೆ ಅದಕ್ಕೆ ಕಾರಣ ಒಂದೇ ಅಲ್ಲ. ಅಂಚುಗಳು ಮೇಲ್ಮುಖವಾಗಿ ದೋಣಿಯಂತೆ ಮಡಚಿದರೆ ಸಾಮಾನ್ಯವಾಗಿ ಥ್ರಿಪ್ಸ್ ನುಸಿ. ಕೆಳಮುಖವಾಗಿ ಮಡಚಿ, ಎಲೆ ಕಿರಿದಾಗಿ ತೊಟ್ಟು ಉದ್ದವಾದರೆ ಮೈಟ್ ನುಸಿ. ಇದು ಬರಿಗಣ್ಣಿಗೆ ಕಾಣದು. ಎರಡಕ್ಕೂ ಮೊದಲು ತುದಿ ಚಿವುಟಿ ಚೀಲದಲ್ಲಿ ಕಟ್ಟಿ ಬಿಸಾಡುತ್ತೇನೆ. ಆಮೇಲೆ ಲೀಟರ್ ನೀರಿಗೆ 5 ಮಿಲಿಲೀಟರ್ ಬೇವಿನ ಎಣ್ಣೆ ಮತ್ತು ಕೆಲವು ಹನಿ ದ್ರವಸೋಪು ಬೆರೆಸಿ, ಸಂಜೆ ದೀಪ ಆರಿಸಿದ ಮೇಲೆ ಎಲೆಯ ಅಡಿಗೆ ಸಿಂಪಡಿಸುತ್ತೇನೆ. ವಾರ ಬಿಟ್ಟು ಮತ್ತೊಮ್ಮೆ. ಮೈಟ್ ನುಸಿ ಜಗ್ಗದಿದ್ದರೆ ನೀರಿನಲ್ಲಿ ಬೆರೆಯುವ ಗಂಧಕ, ಲೀಟರಿಗೆ 2–3 ಗ್ರಾಂ. ಇದನ್ನು ಜಗುಲಿಗೆ ತಂದೇ ಹೊಡೆಯಬೇಕು, ಬೇವಿನ ಎಣ್ಣೆ ಹೊಡೆದ ಎರಡು ವಾರದೊಳಗೆ ಹೊಡೆಯಬಾರದು, ಎಲೆ ಸುಡುತ್ತದೆ. ಥ್ರಿಪ್ಸ್‌ಗೆ ಗಂಧಕ ನಾಟುವುದಿಲ್ಲ. ಹುಳಿಮಜ್ಜಿಗೆ ಚಿಮುಕಿಸು ಎಂದು ಅತ್ತೆ ಪ್ರತಿ ವರ್ಷವೂ ಹೇಳುತ್ತಾರೆ. ಹಿತ್ತಲಿಗಾದರೆ ಆಗಬಹುದು, ಕಿಟಕಿ ಮುಚ್ಚಿದ ನಡುಮನೆಯಲ್ಲಿ ಆ ವಾಸನೆಯ ನಡುವೆ ಊಟಕ್ಕೆ ಕೂರುವವರು ಯಾರು?

ಹೂ ಉದುರುವುದಕ್ಕೆ ಔಷಧಿ ಕೇಳುವವರೂ ಇದ್ದಾರೆ. ಮೆಣಸಿನ ಹೂವಿನಲ್ಲಿ ಗಂಡು ಹೆಣ್ಣು ಎರಡೂ ಭಾಗಗಳಿವೆ, ದುಂಬಿ ಬರಲೇಬೇಕೆಂದಿಲ್ಲ. ಆದರೆ ಒಳಗೆ ಗಾಳಿಯೂ ಇಲ್ಲವಲ್ಲ. ಬೆಳಗ್ಗೆ ಹತ್ತು–ಹನ್ನೊಂದರ ಹೊತ್ತಿಗೆ ಪರಾಗ ಒಣಗಿರುವಾಗ ಹೂಗೊಂಚಲಿಗೆ ಬೆರಳಿನಿಂದ ಮೆಲ್ಲಗೆ ತಟ್ಟಿದರೆ ಸಾಕು. ಡಿಸೆಂಬರ್, ಜನವರಿಯಲ್ಲಿ ರಾತ್ರಿ 15 ಡಿಗ್ರಿಗಿಂತ ಕೆಳಗಿಳಿದರೆ ತಟ್ಟಿದರೂ ಕಾಯಿ ಕಚ್ಚುವುದಿಲ್ಲ; ರಾತ್ರಿ ಮಾತ್ರ ಕುಂಡವನ್ನು ಕಿಟಕಿಯಿಂದ ಈಚೆಗೆ ಸರಿಸುತ್ತೇನೆ.

ಮಣ್ಣಿನ ವಿಷಯ ಸಣ್ಣದು: ಕೆಮ್ಮಣ್ಣು, ಕಳಿತ ಕೊಟ್ಟಿಗೆ ಗೊಬ್ಬರ, ತೆಂಗಿನ ನಾರಿನ ಪುಡಿ ಸಮಪಾಲು, ಮೇಲೊಂದು ಹಿಡಿ ಬೇವಿನ ಹಿಂಡಿ. ಬೀಜಕ್ಕೆ ಮಾತ್ರ ತಾಳ್ಮೆ ಬೇಕು. ಸಾಮಾನ್ಯ ಮೆಣಸಿನ ಬೀಜ ಹತ್ತು ದಿನದ ಆಸುಪಾಸಿನಲ್ಲಿ ಮೊಳೆತರೆ ಸೂಜಿಮೆಣಸು ತಿಂಗಳವರೆಗೂ ಸತಾಯಿಸಬಹುದು. ಬೆಚ್ಚಗಿರಲಿ ಎಂದು ನಾನು ಬೀಜದ ತಟ್ಟೆಯನ್ನು ಫ್ರಿಜ್ಜಿನ ಮೇಲೆ ಇಡುತ್ತೇನೆ.

ಮಳೆ ನಿಂತ ಮೇಲೆ ಗಿಡಗಳನ್ನು ಒಮ್ಮೆಗೇ ಬಿಸಿಲಿಗೆ ಇಟ್ಟರೆ ಎಲೆ ಬೆಳ್ಳಗೆ ಸುಡುತ್ತದೆ. ವಾರವಿಡೀ ಮೊದಲು ಜಗುಲಿಯ ನೆರಳು, ಆಮೇಲೆ ಬೆಳಗಿನ ಎಳೆಬಿಸಿಲು, ಕೊನೆಗೆ ಹಿತ್ತಲು. ಕೆಂಪಾದ ಸೂಜಿಮೆಣಸನ್ನು ಹೊರಗಿಟ್ಟ ಮೇಲೆ ಪಿಕಳಾರಗಳು ನಮಗೆ ಬಿಡುವುದಿಲ್ಲ. ಹಕ್ಕಿಗಳಿಗೆ ಖಾರ ಹತ್ತುವುದಿಲ್ಲ. ಹಣ್ಣಾದದ್ದನ್ನು ಕುಂಡ ಹೊರಗೆ ಒಯ್ಯುವ ಮುನ್ನವೇ ಕಿತ್ತು ಉಪ್ಪಿನಲ್ಲಿ ಹಾಕಿಡುವುದು ಲೇಸು.