ಒಂದೇ ಮಂಚ, ಎರಡು ಬೆನ್ನು: ಗಂಡ-ಹೆಂಡತಿಗೆ ಹಾಸಿಗೆ ಆರಿಸುವ ಬಗೆ

ಒಬ್ಬರಿಗೆ ಹಲಗೆಯಂಥ ಹಾಸಿಗೆಯೇ ಬೇಕು. ಇನ್ನೊಬ್ಬರು ಅದರ ಮೇಲೆ ಮಲಗಿದರೆ ಬೆಳಗ್ಗೆ ಭುಜ ಜೋಮು ಹಿಡಿದಿರುತ್ತದೆ. ಇಂಥ ಜೋಡಿಗೆ ಅಂಗಡಿಯವರು ತೋರಿಸುವುದು ಹೆಚ್ಚಾಗಿ ‘ಮೀಡಿಯಂ’. ವ್ಯತ್ಯಾಸ ಸಣ್ಣದಾದರೆ ಅದು ಸಾಕು. ದೊಡ್ಡದಾದರೆ ಇಬ್ಬರಿಗೂ ನಿದ್ದೆ ಕೆಡುತ್ತದೆ. ಆಗ ಒಂದೇ ಎತ್ತರದ ಎರಡು ಸಿಂಗಲ್ ಹಾಸಿಗೆಗಳೇ ಸರಿ.

ಮೊದಲು ಈಗಿರುವ ಮಂಚ ನೋಡಿ. ಹಾಸಿಗೆ ಎತ್ತಿಟ್ಟು, ಪ್ಲೈವುಡ್ ಮೇಲೆ ಈ ಅಂಚಿನಿಂದ ಆ ಅಂಚಿಗೆ ದಾರ ಬಿಗಿಯಾಗಿ ಹಿಡಿಯಿರಿ. ನಡುವೆ ದಾರಕ್ಕೂ ಹಲಗೆಗೂ ಸಂದು ಕಂಡರೆ ಬಾಗಿರುವುದು ಮಂಚ, ಹೊಸ ಹಾಸಿಗೆಯೂ ಅಲ್ಲೇ ತಗ್ಗುತ್ತದೆ. ಹಲಗೆ ನೆಟ್ಟಗಿದ್ದರೆ ಅದರ ಮೇಲೆ ಇನ್ನೊಂದು ಪ್ಲೈ ಹಾಕಿ ಪ್ರಯೋಜನವಿಲ್ಲ. ಮೇಲಿನ ಫೋಮ್ ಸೋತಿದ್ದರೆ ಕೆಳಗಿನ ಹಲಗೆ ಅದನ್ನು ಗಟ್ಟಿ ಮಾಡುವುದಿಲ್ಲ.

ಅಂಗಡಿಗೆ ಇಬ್ಬರೂ ಹೋಗಿ, ನೀವು ನಿಜವಾಗಿ ಮಲಗುವ ಭಂಗಿಯಲ್ಲೇ ಹತ್ತು-ಹದಿನೈದು ನಿಮಿಷ ಮಲಗಿ. ಅಂಚಿನಲ್ಲಿ ಕೂತು ಕೈಯಿಂದ ಒತ್ತಿದರೆ ಏನೂ ತಿಳಿಯದು. ಅಂಗಾತ ಮಲಗುವವರ ಸೊಂಟದ ಕೆಳಗೆ ಜೊತೆಗಾರರು ಅಂಗೈ ತೂರಿಸಿ ನೋಡಲಿ. ಕೈ ಸರಾಗವಾಗಿ ಆಡುತ್ತಾ ಮೇಲೆ ಜಾಗ ಉಳಿದರೆ ಹಾಸಿಗೆ ಅವರಿಗೆ ಗಟ್ಟಿಯಾಯಿತು, ತೂರಿಸುವುದೇ ಕಷ್ಟವಾದರೆ ಸೊಂಟ ಇಳಿದಿದೆ ಎಂದರ್ಥ. ಮಗ್ಗುಲಾಗಿ ಮಲಗುವವರಿಗೆ ಮೊಬೈಲ್ ಸಾಕು: ಹಿಂದಿನಿಂದ ಒಂದು ಫೋಟೊ ತೆಗೆದರೆ ಕುತ್ತಿಗೆಯಿಂದ ಸೊಂಟದವರೆಗೆ ಬೆನ್ನು ನೇರವಿದೆಯೋ ಜೋತಿದೆಯೋ ಕಾಣುತ್ತದೆ. ಮನೆಯ ದಿಂಬನ್ನೇ ಒಯ್ಯಿರಿ, ದಿಂಬು ಬದಲಾದರೆ ಲೆಕ್ಕ ತಪ್ಪುತ್ತದೆ. ಐವತ್ತು ಕೆಜಿಯವರಿಗೆ ಗಟ್ಟಿ ಎನಿಸಿದ್ದು ತೊಂಬತ್ತು ಕೆಜಿಯವರಿಗೆ ಮೆತ್ತಗಿರಬಹುದು, ಹಾಗಾಗಿ ಒಬ್ಬರ ಪರವಾಗಿ ಇನ್ನೊಬ್ಬರು ಆರಿಸುವ ಹಾಗಿಲ್ಲ.

ಬೆನ್ನುನೋವಿಗೆ ಹಾಸಿಗೆ ಎಷ್ಟು ಗಟ್ಟಿಯೋ ಅಷ್ಟು ಒಳ್ಳೆಯದು ಎಂಬ ನಂಬಿಕೆ ನಮ್ಮಲ್ಲಿ ಇನ್ನೂ ಬಲವಾಗಿದೆ. ದೀರ್ಘಕಾಲದ ಸೊಂಟನೋವಿದ್ದ 313 ಮಂದಿಯ ಮೇಲೆ ಸ್ಪೇನ್‌ನಲ್ಲಿ ನಡೆದು, 2003ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಅಧ್ಯಯನದಲ್ಲಿ ತೀರಾ ಗಟ್ಟಿ ಹಾಸಿಗೆಗಿಂತ ಮಧ್ಯಮ ಗಟ್ಟಿಯದೇ ಹೆಚ್ಚು ಆರಾಮ ಕೊಟ್ಟಿತ್ತು. ‘ಆರ್ಥೋಪೆಡಿಕ್’ ಎಂಬ ಚೀಟಿ ನೋಡಿ ಮರುಳಾಗಬೇಡಿ, ಒಳಗೆ ಯಾವ ಪದರ ಎಷ್ಟು ಇಂಚಿದೆ ಎಂದು ಕೇಳಿ. ನೋವು ಕಾಲಿಗೆ ಇಳಿಯುತ್ತಿದ್ದರೆ, ಪಾದ ಮರಗಟ್ಟುತ್ತಿದ್ದರೆ ಮೊದಲು ಡಾಕ್ಟರ್, ಆಮೇಲೆ ಹಾಸಿಗೆ.

ಇನ್ನೊಂದು ಗೊಂದಲ ‘ಡ್ಯುಯಲ್ ಕಂಫರ್ಟ್’. ಸಾಮಾನ್ಯವಾಗಿ ಇದರ ಒಂದು ಮುಖ ಮೆತ್ತಗೆ, ಮಗುಚಿದರೆ ಇನ್ನೊಂದು ಗಟ್ಟಿ. ಎಡಕ್ಕೊಂದು ಬಲಕ್ಕೊಂದು ಅಲ್ಲ! ಜೋಡಿಗೆ ಅದರಿಂದ ಉಪಯೋಗವಿಲ್ಲ.

ಮಂಚ ಆರು ಅಡಿ ಅಗಲ, ಆರೂವರೆ ಅಡಿ ಉದ್ದವಿದ್ದರೆ 78x36 ಇಂಚಿನ ಎರಡು ಹಾಸಿಗೆ ಕೂರುತ್ತವೆ. ಬಡಗಿ ಮಾಡಿದ ಮಂಚದ ಒಳ ಅಳತೆ ಅರ್ಧ ಇಂಚು ಕಡಿಮೆ ಇರುವುದುಂಟು, ತಲೆ, ನಡು, ಕಾಲು ಮೂರೂ ಕಡೆ ಟೇಪು ಹಿಡಿಯಿರಿ. ಫೋಮ್ ಅಷ್ಟು ಅದುಮಿಕೊಳ್ಳುತ್ತದೆ, ಸ್ಪ್ರಿಂಗ್ ಹಾಸಿಗೆ ಉಬ್ಬಿ ನಿಲ್ಲುತ್ತದೆ. ಎತ್ತರ ಸರಿಹೊಂದಿಸುವ ಸುಲಭ ಉಪಾಯ ಇದು: ಗಟ್ಟಿ ಬೇಕಾದವರಿಗೆ 8 ಇಂಚಿನ ಗಟ್ಟಿ ಹಾಸಿಗೆ. ಮೆತ್ತಗೆ ಬೇಕಾದವರಿಗೆ ಅದೇ ಬಗೆಯ 6 ಇಂಚಿನದು, ಮೇಲೆ 2 ಇಂಚಿನ ಲ್ಯಾಟೆಕ್ಸ್ (ರಬ್ಬರಿನ ಮೆತ್ತನೆ ಫೋಮ್) ಟಾಪರ್, ಅಂದರೆ ಹಾಸಿಗೆಯ ಮೇಲೆ ಹಾಸುವ ತೆಳು ಪದರ. ಎರಡೂ ಸಮ. ಮೊದಲು ಸೋಲುವುದು ಮೇಲಿನ ಮೆತ್ತನೆ ಪದರವೇ, ಆಗ ಟಾಪರ್ ಮಾತ್ರ ಬದಲಿಸಿದರಾಯಿತು.

ನಡುವಿನ ಸಂದಿಗೆ ಇಂಗ್ಲಿಷಿನ ‘ಟಿ’ ಆಕಾರದ ಫೋಮ್ ಪಟ್ಟಿ ಸಿಗುತ್ತದೆ. ಮಂಚಕ್ಕೆ ಅಂಚುಕಟ್ಟು ಇಲ್ಲದಿದ್ದರೆ ಎರಡನ್ನೂ ಸುತ್ತಿ ಬೆಲ್ಟ್ ಬಿಗಿಯಿರಿ, ಇಲ್ಲವೆಂದರೆ ದಿನಾ ಬೆಳಗ್ಗೆ ತಳ್ಳಿ ಕೂಡಿಸುವ ಕೆಲಸ.

ಐದಡಿ ಮಂಚಕ್ಕೆ ಈ ಲೆಕ್ಕ ನಡೆಯದು. ತಲಾ 30 ಇಂಚು ಇಕ್ಕಟ್ಟು. ಅಲ್ಲಿ ಮಧ್ಯಮ ಗಟ್ಟಿಯ ಒಂದೇ ಹಾಸಿಗೆ ಹಾಕಿ, ಮೇಲೆ ಒಂದೇ ದಪ್ಪದ ಎರಡು ಅರ್ಧ ಟಾಪರ್ ಇಡಿ: ಗಟ್ಟಿ ಬೇಕಾದವರಿಗೆ ರೀಬಾಂಡೆಡ್ (ಫೋಮ್ ಚೂರುಗಳನ್ನು ಒತ್ತಿ ಅಂಟಿಸಿದ್ದು), ಇನ್ನೊಬ್ಬರಿಗೆ ಲ್ಯಾಟೆಕ್ಸ್. ಕೆಳಗಿನದು ಪಾಕೆಟ್ ಸ್ಪ್ರಿಂಗ್ (ಒಂದೊಂದು ಸ್ಪ್ರಿಂಗಿಗೂ ಬೇರೆ ಬಟ್ಟೆಯ ಚೀಲ ಇರುವಂಥದ್ದು) ಆದರೆ ಒಬ್ಬರು ಮಗ್ಗುಲು ಬದಲಿಸಿದ್ದು ಇನ್ನೊಬ್ಬರಿಗೆ ಅಷ್ಟಾಗಿ ತಟ್ಟುವುದಿಲ್ಲ. ಬಾನೆಲ್ ಎಂಬ ಇನ್ನೊಂದು ಬಗೆಯ ಸ್ಪ್ರಿಂಗ್ ಹಾಸಿಗೆಯಲ್ಲಿ ಸ್ಪ್ರಿಂಗ್‌ಗಳೆಲ್ಲ ತಂತಿಯಿಂದ ಒಂದಕ್ಕೊಂದು ಹೆಣೆದಿರುವುದರಿಂದ ಇಡೀ ಹಾಸಿಗೆ ಅಲುಗುತ್ತದೆ, ಹಗುರ ಇರುವವರು ಭಾರದವರತ್ತ ಜಾರುತ್ತಾರೆ.

ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಗಾಳಿಯಾಡದ ಸ್ಟೋರೇಜ್ ಮಂಚದ ಮೇಲೆ ಫೋಮ್ ಹಾಸಿಗೆಯ ತಳಕ್ಕೆ ಬೂಸ್ಟು ಹಿಡಿಯುತ್ತದೆ. ಪ್ಲೈಗೆ ಅಲ್ಲಲ್ಲಿ ತೂತು ಕೊರೆಸಿ, ವಾರಕ್ಕೊಮ್ಮೆ ಹಾಸಿಗೆ ಎತ್ತಿ ಒರಗಿಸಿ. ಮೂರು ತಿಂಗಳಿಗೊಮ್ಮೆ ತಲೆ-ಕಾಲು ಬದಲಿಸಿ. ಆರ್ಡರ್ ಕೊಡುವ ಮುನ್ನ ಎರಡು ವಿಷಯ ಬರಹದಲ್ಲಿ ಪಡೆಯಿರಿ: ಹೇಳಿ ಮಾಡಿಸಿದ ಅಳತೆಯನ್ನು ವಾಪಸ್ ತಗೊಳ್ಳುತ್ತಾರೆಯೇ, ಎಷ್ಟು ಇಂಚು ತಗ್ಗಿದರೆ ವಾರಂಟಿ ಕೊಡುತ್ತಾರೆ. ಕಲೆ ಬಿದ್ದ ಹಾಸಿಗೆಗೆ ವಾರಂಟಿ ಇಲ್ಲ ಎನ್ನುವವರೇ ಹೆಚ್ಚು, ಮೊದಲ ದಿನವೇ ಎರಡಕ್ಕೂ ಬೇರೆ ಬೇರೆ ಪ್ರೊಟೆಕ್ಟರ್ (ಕಲೆ ತಡೆಯುವ ಹೊದಿಕೆ) ಹಾಕಿಬಿಡಿ.