ಮಗುವಿಗೆ ಜ್ವರ: ಯಾವಾಗ ಡಾಕ್ಟರ್ ಹತ್ತಿರ ಓಡಬೇಕು?

ರಾತ್ರಿ ಹನ್ನೊಂದಕ್ಕೆ ಮಗುವಿನ ಮೈ ಕಾದ ಹೆಂಚಿನ ಹಾಗೆ ಸುಡುತ್ತಿದ್ದರೆ ಯಾರಿಗಾದರೂ ಕೈಕಾಲು ಆಡುವುದಿಲ್ಲ. ಮೊದಲು ವಯಸ್ಸು ನೋಡಿ. ಮೂರು ತಿಂಗಳು ತುಂಬದ ಕೂಸಿಗೆ 100.4 ಡಿಗ್ರಿ ಮುಟ್ಟಿದರೆ ಬೆಳಗಾಗಲಿ ಎಂದು ಕಾಯಬೇಡಿ, ಹೊರಡಿ. ಮೈ ತಣ್ಣಗಾಗಿ ಹಾಲು ಕುಡಿಯುವುದು ಬಿಟ್ಟರೂ ಅಷ್ಟೇ.

ದೊಡ್ಡ ಮಕ್ಕಳಾದರೆ ಥರ್ಮಾಮೀಟರ್‌ಗಿಂತ ಮಗುವನ್ನೇ ಜಾಸ್ತಿ ನೋಡಿ. 103 ಇದ್ದರೂ ಪ್ಯಾರಾಸಿಟಮಾಲ್ ಕುಡಿದು ಒಂದು ಗಂಟೆಗೆಲ್ಲ ಎದ್ದು ಕೂತು, ಗಂಜಿ ಬೇಡ ಬಿಸ್ಕತ್ತು ಕೊಡು ಎಂದು ಹಟ ಮಾಡುವ ಮಗುವನ್ನು ರಾತ್ರಿ ಮನೆಯಲ್ಲೇ ನೋಡಿಕೊಳ್ಳಬಹುದು. 101 ಇದ್ದು, ಕರೆದರೂ ಕಣ್ಣು ಬಿಡದೆ ಹೆಗಲ ಮೇಲೆ ಜೋತು ಬಿದ್ದರೆ ತಡ ಮಾಡಬೇಡಿ.

ಆಮೇಲೆ ಉಸಿರು ಎಣಿಸಿ. ಇದನ್ನು ಮನೆಯಲ್ಲಿ ಯಾರೂ ಮಾಡುವುದೇ ಇಲ್ಲ, ನೋಡಿ. ಮಗು ಅಳದೆ ಮಲಗಿರುವಾಗ ಅಂಗಿ ಮೇಲೆತ್ತಿ, ಮೊಬೈಲಿನಲ್ಲಿ ಪೂರ್ತಿ ಒಂದು ನಿಮಿಷ ಇಟ್ಟುಕೊಂಡು, ಹೊಟ್ಟೆ ಎಷ್ಟು ಸಲ ಏರಿಳಿಯುತ್ತದೆ ಎಂದು ಲೆಕ್ಕ ಹಾಕಿ. ಎರಡು ತಿಂಗಳೊಳಗಿನ ಕೂಸಿಗೆ 60, ವರ್ಷದೊಳಗೆ 50, ಒಂದರಿಂದ ಐದು ವರ್ಷಕ್ಕೆ 40 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಅದು ಬರೀ ನೆಗಡಿ ಅಲ್ಲದಿರಬಹುದು, ತೋರಿಸಿ. ಉಸಿರೆಳೆದಾಗ ಪಕ್ಕೆ ಒಳಕ್ಕೆ ಹೋಗುತ್ತಿದ್ದರೆ ಎಣಿಸುತ್ತಾ ಕೂರಬೇಡಿ.

ವಾಂತಿ, ಭೇದಿ ಇದ್ದರೆ ಉಚ್ಚೆಯ ಮೇಲೆ ಕಣ್ಣಿಡಿ. ಆರೆಂಟು ಗಂಟೆ ಹೊಯ್ಯದಿದ್ದರೆ, ಅತ್ತರೂ ಕಣ್ಣೀರು ಬಾರದಿದ್ದರೆ, ಕಣ್ಣು ಗುಳಿ ಬಿದ್ದಿದ್ದರೆ ಆಸ್ಪತ್ರೆಗೆ ಹೋಗಲೇಬೇಕು. ದಾರಿಯಲ್ಲೂ ಓಆರ್‌ಎಸ್ ಗುಟುಕು ಗುಟುಕಾಗಿ ಕುಡಿಸುತ್ತಿರಿ.

ಮಳೆಗಾಲದಲ್ಲಿ ಡೆಂಗಿಯದ್ದೇ ಒಂದು ಕಥೆ. ಮೂರ್ನಾಲ್ಕು ದಿನಕ್ಕೆ ಜ್ವರ ಇಳಿಯುತ್ತದೆ, ನಾವೂ ಅಬ್ಬಾ ಅಂದುಕೊಳ್ಳುತ್ತೇವೆ. ಅಪಾಯ ಶುರುವಾಗುವುದು ಎಷ್ಟೋ ಸಲ ಆಗಲೇ. ಜೋರು ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ, ತಣ್ಣಗಾದ ಕೈಕಾಲು, ಇವುಗಳಲ್ಲಿ ಒಂದು ಕಂಡರೂ ನೇರ ಆಸ್ಪತ್ರೆಗೆ. ಡೆಂಗಿ ಅನುಮಾನ ಇದ್ದಾಗ ಐಬುಪ್ರೊಫೆನ್ ಎಂಬ ಜ್ವರ-ನೋವಿನ ಔಷಧ ಕೊಡಲೇಬೇಡಿ, ರಕ್ತಸ್ರಾವ ಜಾಸ್ತಿಯಾಗಬಹುದು.

ಫಿಟ್ಸ್ ಬಂದರೆ ಕೈಗೆ ಕಬ್ಬಿಣ ಹಿಡಿಸುವುದು, ಹಲ್ಲಿನ ನಡುವೆ ಚಮಚ ತುರುಕುವುದು ಬೇಡ. ಮಗ್ಗುಲಿಗೆ ಮಲಗಿಸಿ ಗಡಿಯಾರ ನೋಡಿ. ಐದು ನಿಮಿಷ ಆದರೂ ನಿಲ್ಲದಿದ್ದರೆ 108ಕ್ಕೆ ಫೋನ್ ಮಾಡಿ. ಮೊದಲ ಸಲ ಬಂದಿದ್ದರೆ, ತಾನಾಗೇ ನಿಂತರೂ ಅವತ್ತೇ ತೋರಿಸಿ.

ಹೊರಡುವಾಗ, ಮಗುವಿಗೆ ಮನೆಯಲ್ಲಿ ಕೊಟ್ಟ ಸಿರಪ್ಪಿನ ಬಾಟಲಿಯನ್ನೇ ಚೀಲಕ್ಕೆ ಹಾಕಿಕೊಳ್ಳಿ. ಒಂದೇ ಔಷಧ 125 ಮಿಲಿಗ್ರಾಂ ಶಕ್ತಿಯದ್ದೂ ಸಿಗುತ್ತದೆ, 250ರದ್ದೂ ಸಿಗುತ್ತದೆ. ‘ಅದೇ ಡಾಕ್ಟ್ರೇ, ಪಿಂಕ್ ಕಲರ್‌ದು’ ಅಂದರೆ ಅವರಿಗೆ ಏನೂ ಗೊತ್ತಾಗುವುದಿಲ್ಲ.