ಜೆಸಿಬಿ ಇಳಿಸುವ ಮೊದಲು ಪಳೆಯುಳಿಕೆ ದಾಖಲೆ ನೋಡಿ

ಕಲಬುರಗಿ, ಬೀದರ್, ಯಾದಗಿರಿ ಕಡೆ ರಸ್ತೆ, ಕಾಲುವೆ ಕೆಲಸ ಹಿಡಿಯುವವರು ನೆಲದಡಿ ಬರೀ ಕಪ್ಪುಕಲ್ಲು ಎಂದುಕೊಳ್ಳುತ್ತಾರೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಒಂದು ಲಾವಾ ಹರಿದು ಇನ್ನೊಂದು ಬರುವ ನಡುವೆ ಇಲ್ಲಿ ಕೆರೆಗಳು ನಿಂತಿದ್ದವು. ಅವುಗಳ ಕೆಸರು ಈಗ ಬಸಾಲ್ಟ್ (ಲಾವಾ ಆರಿ ಗಟ್ಟಿಯಾದ ಕಪ್ಪುಕಲ್ಲು) ಪದರಗಳ ನಡುವೆ ಸಿಕ್ಕಿಕೊಂಡಿದೆ. ಯಾದಗಿರಿ ಜಿಲ್ಲೆಯ ಗುರುಮಠಕಲ್ ಬಳಿಯ ಇಂಥ ಪದರಗಳಲ್ಲಿ ಪಳೆಯುಳಿಕೆಗಳಿವೆ. ಗಡಿಯಾಚೆ ತೆಲಂಗಾಣದ ನಸ್ಕಲ್‌ನಿಂದ 1988ರಲ್ಲಿ ಡೈನೊಸಾರ್ ಕಾಲದ ಸಸ್ತನಿಯ ಹಲ್ಲುಗಳು ವರದಿಯಾದವು.

ಇಂಥ ಪದರಗಳ ಹುಡುಕಾಟ ಡಿಪಿಆರ್ (ವಿವರವಾದ ಯೋಜನಾ ವರದಿ) ಹಂತದಲ್ಲೇ ಆಗಬೇಕು; ಮಾರ್ಗ ನಿಗದಿಯಾದ ಮೇಲೆ ಬದಲಿಸುವುದು ದುಬಾರಿ. ಕಾಮಗಾರಿಯ ಜಾಗವನ್ನು ನಕ್ಷೆಯ ಮೇಲೆ ತೋರಿಸುವ ಕೆಎಂಎಲ್ ಕಡತವನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾಲಯದ ಭೂಕೋಶ್ ಜಾಲತಾಣದ 1:50,000 ಅಳತೆಯ ಭೂವೈಜ್ಞಾನಿಕ ನಕ್ಷೆಯ ಮೇಲಿಟ್ಟು ನೋಡಿ. ಸುತ್ತಲಿನ ಒಂದು ಕಿಲೋಮೀಟರನ್ನೂ ಸೇರಿಸಿಕೊಳ್ಳಿ. ನಕ್ಷೆಯಲ್ಲಿ ಏನೂ ಕಾಣಲಿಲ್ಲವೆಂದು ಅಲ್ಲಿಗೇ ನಿಲ್ಲಿಸಬೇಡಿ. ಈ ಅಳತೆಯಲ್ಲಿ ಒಂದು ಮಿಲಿಮೀಟರ್ ಎಂದರೆ ನೆಲದ ಮೇಲೆ 50 ಮೀಟರ್. ಕೆಲವೇ ಮೀಟರ್ ದಪ್ಪದ ಪದರ ಇಳಿಜಾರಿನಲ್ಲಿ ಹೊರಬಂದಿದ್ದರೆ ಅದನ್ನು ಗುರುತಿಸಲು ನಕ್ಷೆಯಲ್ಲಿ ಜಾಗವೇ ಇರುವುದಿಲ್ಲ.

ಆದ್ದರಿಂದ ಸಂಶೋಧನಾ ಲೇಖನಗಳನ್ನು ತಡಕಲೇಬೇಕು. ಹೆಚ್ಚಿನವರು ಎಡವುವುದು ಊರಿನ ಹೆಸರಿನಲ್ಲಿ. ಹಳೆಯ ಲೇಖನಗಳಲ್ಲಿ ಗುರುಮಠಕಲ್ ಗುಲ್ಬರ್ಗ ಜಿಲ್ಲೆಯಲ್ಲಿದೆ, ಯಾದಗಿರಿ ಎಂದು ಹುಡುಕಿದರೆ ಸಿಗುವುದಿಲ್ಲ. ಇಂಗ್ಲಿಷ್ ಕಾಗುಣಿತವೂ ಎರಡು ಮೂರು ಬಗೆ. ಎಲ್ಲವನ್ನೂ ಹಾಕಿ ನೋಡಿ. ಹಳೆಯ ಟೊಪೊಶೀಟ್‌ನ (ಸರ್ವೆ ಇಲಾಖೆಯ ಸ್ಥಳನಕ್ಷೆ) ಅಕ್ಷಾಂಶ ರೇಖಾಂಶವನ್ನು ನೇರವಾಗಿ ಜಿಪಿಎಸ್‌ಗೆ ಕೊಟ್ಟರೆ ಜಾಗ ನೂರು ಮೀಟರಿಗೂ ಹೆಚ್ಚು ಸರಿಯಬಹುದು, ಏಕೆಂದರೆ ಆ ನಕ್ಷೆ ಎವರೆಸ್ಟ್ ಎಂಬ ಹಳೆಯ ಭೂಮಾಪನ ಮಾನದಂಡದ್ದು, ಜಿಪಿಎಸ್‌ನದು ಬೇರೆ. ಮೊದಲು ಪರಿವರ್ತಿಸಿ.

ಆಮೇಲೆ ಸ್ಥಳಕ್ಕೆ ಹೋಗಿ. ತೆರೆದ ಬಾವಿ, ಕಲ್ಲುಗಣಿ, ಹಳ್ಳದ ದಂಡೆ ಇವೇ ನಿಮಗೆ ಪುಕ್ಕಟೆ ಸಿಗುವ ಅಡ್ಡಕೊಯ್ತ. ಎರಡು ಕಪ್ಪುಕಲ್ಲಿನ ನಡುವಿನ ಇಟ್ಟಿಗೆಗೆಂಪು ಪಟ್ಟಿ ಸಾಮಾನ್ಯವಾಗಿ ಲಾವಾ ಶಾಖಕ್ಕೆ ಬೆಂದ ಮಣ್ಣು. ನಾವು ಹುಡುಕುವುದು ಬಿಳಿ, ಬೂದು, ಹಸಿರು ಛಾಯೆಯ ಸುಣ್ಣಕಲ್ಲು, ಜೇಡಿ ಅಥವಾ ಚೆರ್ಟ್ (ಸಿಲಿಕಾದಿಂದಾದ ಗಟ್ಟಿ ನುಣುಪು ಕಲ್ಲು). ಒಡೆದ ಮೈಯಲ್ಲಿ ಸುರುಳಿಯಾಕಾರದ ಬಸವನಹುಳು ಕಂಡರೆ ಫೋಟೊ ತೆಗೆಯಿರಿ, ಪಕ್ಕದಲ್ಲಿ ಅಳತೆಪಟ್ಟಿ ಇರಲಿ. ಬೋರ್ ಲಾಗ್‌ನಲ್ಲಿ (ನೆಲ ಕೊರೆದಾಗ ಸಿಕ್ಕ ಪದರಗಳ ಪಟ್ಟಿ) ‘ಶಿಥಿಲ ಕಲ್ಲು’ ಎಂದಷ್ಟೇ ಬರೆದಿದ್ದರೆ ನಂಬಬೇಡಿ, ಕೊರೆದು ತೆಗೆದ ಕಲ್ಲಿನ ತುಂಡುಗಳಿರುವ ಕೋರ್ ಪೆಟ್ಟಿಗೆಯನ್ನೇ ತೆರೆಸಿ. ಪೆಟ್ಟಿಗೆಗಳನ್ನು ಬಿಸಾಡದಂತೆ ಮೊದಲೇ ಹೇಳಿಡಿ.

ಬೆಂಗಳೂರಿನ ಸರ್ವೇಕ್ಷಣಾಲಯ ಕಚೇರಿಗೆ ಪತ್ರ ಬರೆಯುವಾಗ ಕೆಎಂಎಲ್ ಜೊತೆ ಅಗೆತದ ಆಳವನ್ನೂ ಕೊಡಿ. ಎರಡು ಮೀಟರ್ ಅಗೆತಕ್ಕೂ ಹದಿನೈದು ಮೀಟರ್ ಅಗೆತಕ್ಕೂ ಉತ್ತರ ಬೇರೆ.

ಟೆಂಡರ್‌ನಲ್ಲಿ ಪಳೆಯುಳಿಕೆ ಸಿಕ್ಕರೆ ಕೆಲಸ ನಿಲ್ಲಿಸುವ ಷರತ್ತಿರಲಿ, ಆ ದಿನಗಳಿಗೆ ಅವಧಿ ವಿಸ್ತರಣೆ ಮತ್ತು ಖರ್ಚು ಕೊಡುವುದೂ ಅದರಲ್ಲೇ ಇರಲಿ. ಇಲ್ಲದಿದ್ದರೆ ಕಂಟ್ರಾಕ್ಟರ್ ಸಿಕ್ಕಿದ್ದನ್ನು ರಾತ್ರೋರಾತ್ರಿ ಮುಚ್ಚಿಸುತ್ತಾನೆ. ಸಿಕ್ಕ ತುಂಡನ್ನು ತೊಳೆಯಬಾರದು, ಕೀಳಬಾರದು; ಮೇಲೆ ತಾಡಪತ್ರಿ ಹೊದಿಸಿ, ಯಂತ್ರವನ್ನು ದೂರ ಸರಿಸಿ, ತಜ್ಞರು ಬರುವವರೆಗೆ ಕಾವಲು ಇಡಿ.